ಘಾಟಿ ಇಳಿದ ಕಾರು ಕಡಲು ದಾಟೀತೇ?

ವೀಸಾ ಕೈಗೆ ಬಂದ ಮೇಲೆ ಮಲೆನಾಡಿನ ಮನೆಗಳಲ್ಲಿ ಮಾತಿಗೆ ಬರುವ ಸಂಗತಿಗಳು ಹೆಚ್ಚುಕಡಿಮೆ ಒಂದೇ ತೆರನವು. ತೋಟ ಯಾರ ಸುಪರ್ದಿಗೆ, ಬೆಂಗಳೂರಿನ ಬಾಡಿಗೆ ಮನೆಯ ಸಾಮಾನು ಎಲ್ಲಿಗೆ, ಅಪ್ಪೆಮಿಡಿ ಉಪ್ಪಿನಕಾಯಿ ಎಷ್ಟು ಕೆ.ಜಿ. ಒಯ್ಯಬಹುದು ಎಂಬುದೆಲ್ಲ ನಾಲ್ಕು ದಿನದಲ್ಲಿ ಬಗೆಹರಿಯುತ್ತದೆ. ಬಗೆಹರಿಯದೆ ಉಳಿಯುವುದು ಅಂಗಳದಲ್ಲಿ ನಿಂತ ಕಾರು.

ಓಡಾಟಕ್ಕೆಂದು ಕೊಂಡ ಸಾಮಾನ್ಯ ಕಾರಾದರೆ ಮಾರಿ ಕೈತೊಳೆದುಕೊಳ್ಳಬಹುದು. ವರ್ಷಗಟ್ಟಲೆ ದುಡಿದು, ಸಾಲದ ಕಂತು ತೀರಿಸಿ, ಆಸೆಪಟ್ಟು ಕೊಂಡ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಾದರೆ ಮನಸ್ಸು ಒಪ್ಪುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಕ್ಕಳು ಈಗ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರ, ಕೊಲ್ಲಿ ದೇಶಗಳಲ್ಲೆಲ್ಲ ಇದ್ದಾರೆ. ಅಲ್ಲಿಗೆ ಹೊರಟವರಿಗೆ ‘ಮನೆ ಸಾಮಾನಿನ ಜೊತೆ ಕಾರನ್ನೂ ಹಡಗಿಗೆ ಹಾಕಿದರಾಯಿತು’ ಎನಿಸುವುದು ಸಹಜ.

ಹಡಗಿಗೆ ಹಾಕುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವೆಲ್ಲ ಇರುವುದು ಇಳಿಸಿದ ಮೇಲೆ. ಚಕ್ರ ಯಾವ ದೇಶದ ನೆಲಕ್ಕೆ ತಾಗುತ್ತದೋ ಆ ದೇಶ ಕಾರನ್ನು ಹೊಸದಾಗಿ ಅಳೆಯುತ್ತದೆ: ಸ್ಟಿಯರಿಂಗ್ ಯಾವ ಬದಿಗಿದೆ, ಹೊಗೆ ಎಷ್ಟು, ಡಿಕ್ಕಿಯಾದರೆ ಒಳಗಿದ್ದವರು ಉಳಿಯುತ್ತಾರೆಯೇ, ವಯಸ್ಸೆಷ್ಟು, ಬೆಲೆಯೆಷ್ಟು. ದುಡ್ಡು ಕೊಟ್ಟವರು ಯಾರೇ ಇರಲಿ, ಕಾರು ಒಂದು ದೇಶದ ಕಾನೂನಿಗೆ ಕಟ್ಟುಬಿದ್ದ ವಸ್ತು. ಹಣ ಸುರಿಯುವ ಮೊದಲು ಈ ಸತ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡವರಷ್ಟೇ ನಷ್ಟದಿಂದ ಪಾರಾಗುತ್ತಾರೆ.

ಲಾಂಚಿನಿಂದ ಹಡಗಿಗೆ

ಕಾರನ್ನು ನೀರಿನ ಮೇಲೆ ಸಾಗಿಸುವುದು ಸಾಗರ ತಾಲ್ಲೂಕಿನವರಿಗೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ ಕರೂರು, ಬಾರಂಗಿ ಹೋಬಳಿಗಳು ದ್ವೀಪದಂತಾದವು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಲಾಂಚು ದಶಕಗಳ ಕಾಲ ತುಮರಿಯ ಜನರನ್ನೂ, ಸಿಗಂದೂರಿನ ಭಕ್ತರನ್ನೂ, ಅವರ ಜೀಪು ಕಾರುಗಳನ್ನೂ ದಾಟಿಸಿತು. 2025ರ ಜುಲೈ 14ರಂದು ಅಲ್ಲಿ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಅದಕ್ಕೆ ಮೊದಲಿನ ಬೇಸಿಗೆಗಳಲ್ಲಿ ಹಿನ್ನೀರು ತಳ ಕಂಡಾಗ ಲಾಂಚಿನಲ್ಲಿ ಜನರನ್ನಷ್ಟೇ ಬಿಟ್ಟು ವಾಹನಗಳನ್ನು ನಿಲ್ಲಿಸಿದ್ದನ್ನು ಊರಿನವರು ಮರೆತಿಲ್ಲ.

ಅಂತರರಾಷ್ಟ್ರೀಯ ಸಾಗಣೆಯಲ್ಲಿ ‘ರೋ-ರೋ’ ಎನ್ನುವ ಹಡಗು ಇದೇ ಲಾಂಚಿನ ದೊಡ್ಡ ರೂಪ. ಹಿಂಬದಿಯ ಹಲಗೆ ಕೆಳಗಿಳಿಯುತ್ತದೆ, ಚಾಲಕ ಕಾರನ್ನು ಒಳಗೆ ಓಡಿಸಿ ನಿಲ್ಲಿಸುತ್ತಾನೆ, ಚಕ್ರಗಳನ್ನು ಪಟ್ಟಿಯಿಂದ ಬಿಗಿಯುತ್ತಾರೆ. ವ್ಯತ್ಯಾಸ ಗಾತ್ರದಲ್ಲಿ ಮಾತ್ರ: ಬಹುಮಹಡಿಯ ಒಂದು ಹಡಗಿನಲ್ಲಿ ಸಾವಿರಾರು ಕಾರುಗಳು ಹಿಡಿಯುತ್ತವೆ. ಕಾರು ಕಂಪನಿಗಳು ರಫ್ತು ಮಾಡುವುದು ಹೆಚ್ಚಾಗಿ ಈ ವಿಧಾನದಲ್ಲೇ.

ಒಂಟಿ ಕಾರನ್ನು, ಅದರಲ್ಲೂ ಬೆಲೆಬಾಳುವ ಸ್ಪೋರ್ಟ್ಸ್ ಕಾರನ್ನು ಕಳಿಸುವವರು ಸಾಮಾನ್ಯವಾಗಿ ಕಂಟೇನರನ್ನೇ ಆರಿಸಿಕೊಳ್ಳುತ್ತಾರೆ. 20 ಅಡಿಯ ಕಂಟೇನರಿನ ಒಳ ಉದ್ದ ಸುಮಾರು 5.9 ಮೀಟರ್, ಅಗಲ ಸುಮಾರು 2.35 ಮೀಟರ್. ನಾಲ್ಕೂವರೆ ಮೀಟರ್ ಉದ್ದದ ಕಾರು ಇದರಲ್ಲಿ ಆರಾಮವಾಗಿ ಕೂರುತ್ತದೆ. ಪೇಚಾಟವಿರುವುದು ಅಗಲದಲ್ಲಿ. ಎರಡು ಮೀಟರಿನಷ್ಟು ಅಗಲದ ಕಾರನ್ನು ಒಳಗೆ ನಿಲ್ಲಿಸಿದರೆ ಪ್ರತಿ ಬದಿಗೆ ಉಳಿಯುವುದು ಒಂದು ಗೇಣಿಗಿಂತ ಕಡಿಮೆ ಜಾಗ. ಬಾಗಿಲು ತೆರೆಯದು, ಚಾಲಕ ಕಿಟಕಿಯಿಂದ ತೂರಿ ಹೊರಬರಬೇಕು. ಹೀಗಾಗಿ ಅನುಭವಿ ಸಾಗಣೆದಾರರು ಎಂಜಿನ್ ಚಾಲೂ ಮಾಡದೆ ವಿಂಚಿನ ಹಗ್ಗ ಕಟ್ಟಿ ಕಾರನ್ನು ಮೆಲ್ಲಗೆ ಒಳಕ್ಕೆ ಎಳೆಯುತ್ತಾರೆ. ಟ್ಯಾಂಕಿನಲ್ಲಿ ಇಂಧನ ತೀರಾ ಕಡಿಮೆ ಇರಬೇಕು, ಬ್ಯಾಟರಿಯ ಸಂಪರ್ಕ ಬಿಡಿಸಬೇಕು, ನಾಲ್ಕೂ ಚಕ್ರಕ್ಕೆ ಮರದ ತುಂಡು ಕೊಟ್ಟು ಪಟ್ಟಿ ಬಿಗಿಯಬೇಕು. ಪಟ್ಟಿಯನ್ನು ಸಸ್ಪೆನ್ಷನ್ನಿಗೆ ಕಟ್ಟದೆ ಚಕ್ರಕ್ಕೇ ಕಟ್ಟಿದರೆ ವಾರಗಟ್ಟಲೆ ಹಡಗು ಓಲಾಡಿದರೂ ಗಾಡಿಗೆ ಪೆಟ್ಟಾಗುವುದಿಲ್ಲ.

ಅದಕ್ಕೂ ಮೊದಲು ಕಾರು ಬಂದರು ತಲುಪಬೇಕಲ್ಲ. ತೀರ್ಥಹಳ್ಳಿಯಿಂದ ಕರಾವಳಿಗೆ ಆಗುಂಬೆ ಘಾಟಿ, ಹೊಸನಗರದಿಂದ ಹುಲಿಕಲ್ ಘಾಟಿ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ್ದು, ಮಲೆನಾಡಿಗೆ ಅದೇ ಹತ್ತಿರದ ಬಾಗಿಲು. ಕಾಫಿ, ಗೋಡಂಬಿಯ ಕಂಟೇನರುಗಳು ಅಲ್ಲಿಂದಲೇ ಹೊರಡುತ್ತವೆ. ಆದರೆ ನೆಲಕ್ಕೂ ತಳಕ್ಕೂ ನಾಲ್ಕೈದು ಇಂಚಷ್ಟೇ ಅಂತರವಿರುವ ಸ್ಪೋರ್ಟ್ಸ್ ಕಾರಿಗೆ ಊರೂರಿನ ಉಬ್ಬು, ಮೋರಿಯ ಅಂಚು, ಘಾಟಿಯ ಹೇರ್‌ಪಿನ್ ತಿರುವು ಎಲ್ಲವೂ ಪರೀಕ್ಷೆಯೇ. ಹೋಲಿಕೆಗೆ ಹೇಳುವುದಾದರೆ ಮಹೀಂದ್ರ ಥಾರ್‌ನ ತಳ 226 ಮಿ.ಮೀ. ಎತ್ತರದಲ್ಲಿದೆ. ಲಾರಿಯ ಮೇಲೆ ಹೇರಿ ಕಳಿಸುವವರು ತಿಂಗಳನ್ನೂ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯಕ್ಕೆ ಆಗುಂಬೆಯಲ್ಲಿ ಭಾರಿ ವಾಹನಗಳನ್ನು ನಿಲ್ಲಿಸುವುದು ರೂಢಿ.

ಒಂದೊಂದು ದೇಶಕ್ಕೆ ಒಂದೊಂದು ತಕ್ಕಡಿ

ಇಲ್ಲಿಂದ ಮುಂದೆ ಪ್ರಶ್ನೆಯೆಲ್ಲ ‘ಎಲ್ಲಿಗೆ’ ಎಂಬುದರ ಮೇಲೆ ನಿಂತಿದೆ.

ಮಲೆನಾಡಿನ ಎಂಜಿನಿಯರುಗಳು ಹೆಚ್ಚು ಹೋಗುವ ಅಮೆರಿಕದ ಬಾಗಿಲೇ ಎಲ್ಲಕ್ಕಿಂತ ಬಿಗಿ. 1988ರ ಕಾಯ್ದೆಯ ಪ್ರಕಾರ ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ತಯಾರಾಗದ ಕಾರನ್ನು ಕಾಯಂ ಆಗಿ ತರಬೇಕೆಂದರೆ ಅದಕ್ಕೆ ಸಾಮಾನ್ಯವಾಗಿ 25 ವರ್ಷ ತುಂಬಿರಬೇಕು. ಹೊಗೆಯ ನಿಯಮದಿಂದ ವಿನಾಯಿತಿ ಸಿಗಲು 21 ವರ್ಷ ಆಗಿರಬೇಕು. ಭಾರತದಲ್ಲಿ ಮಾರಾಟವಾಗುವ ಕಾರು ಜರ್ಮನಿಯ ಕಂಪನಿಯದೇ ಆಗಿದ್ದರೂ ಅಮೆರಿಕದ ಮಾನದಂಡದ ಮುದ್ರೆ ಅದರ ಮೇಲಿರುವುದಿಲ್ಲ. ಸ್ಟಿಯರಿಂಗ್ ಬಲಕ್ಕಿರುವುದು ಅಲ್ಲಿ ಅಡ್ಡಿಯೇ ಅಲ್ಲ. ಅಡ್ಡಿಯಾಗುವುದು ಬಂಪರ್, ದೀಪ, ಏರ್‌ಬ್ಯಾಗ್, ಹೊಗೆಯ ಪರೀಕ್ಷೆ. ಅಮೆರಿಕದ ನಿವಾಸಿಯಲ್ಲದವನೊಬ್ಬ ಸ್ವಂತ ಬಳಕೆಗೆ ತನ್ನ ಕಾರನ್ನು ಒಂದು ವರ್ಷದ ಮಟ್ಟಿಗೆ ತರಲು ಅವಕಾಶವಿದೆ. ಅವಧಿ ಮುಗಿಯುವುದರೊಳಗೆ ವಾಪಸು ಕಳಿಸಲೇಬೇಕು, ಅಲ್ಲಿ ಮಾರುವಂತಿಲ್ಲ.

ಈ ನಿಯಮ ಹಣವಂತರಿಗೂ ಬಾಗಿಲ್ಲ. ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಪೋರ್ಶೆ 959 ಕಾರನ್ನು ಯುರೋಪಿನಿಂದ ತರಿಸಿಕೊಂಡಾಗ ಅಮೆರಿಕದ ಕಸ್ಟಮ್ಸ್ ಅದನ್ನು ಹಿಡಿದಿಟ್ಟಿತು. ಆ ಮಾದರಿ ಅಲ್ಲಿನ ಡಿಕ್ಕಿ ಪರೀಕ್ಷೆಗೆ ಒಳಪಟ್ಟಿರಲಿಲ್ಲ. ದಶಕಕ್ಕೂ ಹೆಚ್ಚು ಕಾಲ ಕಾರು ಬಂದರಿನಲ್ಲೇ ಉಳಿಯಿತು. 1990ರ ದಶಕದ ಕೊನೆಯಲ್ಲಿ ‘ಷೋ ಆರ್ ಡಿಸ್‌ಪ್ಲೇ’ ಎಂಬ ಹೊಸ ವಿನಾಯಿತಿ ಬಂದು ಚಾರಿತ್ರಿಕ ಅಥವಾ ತಾಂತ್ರಿಕ ಮಹತ್ವದ ಅಪರೂಪದ ಕಾರುಗಳಿಗೆ ದಾರಿಯಾಯಿತು. ಆಗಲೂ ವರ್ಷಕ್ಕೆ 2,500 ಮೈಲಿ, ಅಂದರೆ ಸುಮಾರು 4,000 ಕಿ.ಮೀ. ಮಾತ್ರ ಓಡಿಸಬೇಕೆಂಬ ಕಟ್ಟುಪಾಡು ಇತ್ತು. ಕೆನಡಾ ಸ್ವಲ್ಪ ಸಡಿಲ: ಅಲ್ಲಿ ಕಾರಿಗೆ 15 ವರ್ಷ ತುಂಬಿದ್ದರೆ ಸಾಕು.

ಬ್ರಿಟನ್ನಿನ ರಸ್ತೆಯಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ, ಬಲಬದಿಯ ಸ್ಟಿಯರಿಂಗ್. ವಾಸ ಬದಲಿಸಿ ಬರುವವರಿಗೆ ಸುಂಕ ಮತ್ತು ವ್ಯಾಟ್‌ನಿಂದ ವಿನಾಯಿತಿಯೂ ಉಂಟು. ಅದಕ್ಕೆ ಕನಿಷ್ಠ 12 ತಿಂಗಳು ಬ್ರಿಟನ್ನಿನ ಹೊರಗೆ ವಾಸವಾಗಿರಬೇಕು, ಕಾರನ್ನು ಕನಿಷ್ಠ 6 ತಿಂಗಳು ಸ್ವಂತಕ್ಕೆ ಬಳಸಿರಬೇಕು, ತಂದ ಮೇಲೆ 12 ತಿಂಗಳು ಮಾರಬಾರದು. ಕಾರು ಬಂದ 14 ದಿನದೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು. ಹತ್ತು ವರ್ಷಕ್ಕಿಂತ ಹಳೆಯದಲ್ಲದ, ಯುರೋಪಿನ ಅನುಮೋದನೆಯಿಲ್ಲದ ಕಾರಿಗೆ ಪ್ರತ್ಯೇಕ ತಾಂತ್ರಿಕ ತಪಾಸಣೆಯೂ ಇದೆ. ಇಷ್ಟೆಲ್ಲ ಇದ್ದರೂ ನಮ್ಮವರಿಗೆ ಎಟಕುವ ದಾರಿಗಳಲ್ಲಿ ಇದೂ ಒಂದು.

ಆಸ್ಟ್ರೇಲಿಯಾದಲ್ಲೂ ಎಡಬದಿಯ ಸಂಚಾರವೇ. ಆದರೆ ಅಲ್ಲಿ ಅನುಮತಿ ಮೊದಲು, ಹಡಗು ಆಮೇಲೆ. 2021ರ ಜುಲೈನಿಂದ ಜಾರಿಯಲ್ಲಿರುವ ಹೊಸ ವಾಹನ ಕಾನೂನಿನ ಪ್ರಕಾರ ಆಮದು ಅನುಮತಿ ಕೈಗೆ ಬರುವ ಮೊದಲೇ ಕಾರು ಬಂದರಿಗೆ ಬಂದರೆ ಮಾಲೀಕನಿಗೆ ಕಷ್ಟ ತಪ್ಪಿದ್ದಲ್ಲ. ಸ್ವಂತ ಕಾರನ್ನು ತರುವವರು ಹೊರದೇಶದಲ್ಲಿ ಅದನ್ನು ನಿರಂತರ 12 ತಿಂಗಳು ಹೊಂದಿದ್ದಕ್ಕೆ ಸಾಕ್ಷಿ ಕೊಡಬೇಕು. ನಿಗದಿತ ಮಿತಿಗಿಂತ ಹೆಚ್ಚು ಬೆಲೆಯ ಕಾರಿಗೆ ಶೇ. 33ರ ಐಷಾರಾಮಿ ತೆರಿಗೆ. ಹಳೆಯ ಕಾರಿನ ಬ್ರೇಕಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಕಲ್ನಾರು ಸಿಕ್ಕರೆ ಒಳಗೆ ಬಿಡುವುದಿಲ್ಲ.

ಮಲೆನಾಡಿನ ಗಾಡಿಗೆ ಅಲ್ಲಿ ಇನ್ನೊಂದು ಗಂಡಾಂತರ ಕಾದಿರುತ್ತದೆ, ಅದು ಮಣ್ಣು. ಹೊರಗಿನ ಕೀಟ, ಕಳೆ, ರೋಗ ಒಳಬರದಂತೆ ಆಸ್ಟ್ರೇಲಿಯಾದ ಜೈವಿಕ ಸುರಕ್ಷತಾ ಅಧಿಕಾರಿಗಳು ಕಾರಿನ ತಳವನ್ನು ಟಾರ್ಚ್ ಹಿಡಿದು ನೋಡುತ್ತಾರೆ. ಚಕ್ರದ ಮೇಲಿನ ಕಮಾನಿನೊಳಗೆ ಒಣಗಿ ಕೂತ ಕೆಮ್ಮಣ್ಣು, ರೇಡಿಯೇಟರಿನ ಬಲೆಗೆ ಸಿಕ್ಕ ಹುಲ್ಲಿನ ಬೀಜ, ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ಸೇರಿದ ತರಗೆಲೆ, ಕಾಲೊರಸಿನ ಅಡಿಯ ಧೂಳು, ಹೆಚ್ಚುವರಿ ಟೈರು ಇಡುವ ಗುಳಿ ಯಾವುದೂ ಅವರ ಕಣ್ಣು ತಪ್ಪುವುದಿಲ್ಲ. ಸಿಕ್ಕರೆ ಮಾಲೀಕನ ಖರ್ಚಿನಲ್ಲೇ ತೊಳೆಸುತ್ತಾರೆ, ತೊಳೆದು ಹೋಗದಿದ್ದರೆ ವಾಪಸು ಕಳಿಸುತ್ತಾರೆ. ಆದ್ದರಿಂದ ಹೊರಡುವ ಮೊದಲು ಕಾರನ್ನು ಲಿಫ್ಟಿನ ಮೇಲೇರಿಸಿ, ಚಕ್ರ ಬಿಚ್ಚಿ, ತಳದ ಹೊದಿಕೆಗಳನ್ನು ತೆಗೆದು ಒತ್ತಡದ ನೀರಿನಲ್ಲಿ ತೊಳೆಸುವುದು ಕಡ್ಡಾಯವೆಂದೇ ತಿಳಿಯಬೇಕು.

ಸಿಂಗಪುರ ಮೂರು ವರ್ಷ ದಾಟಿದ ಹಳೆಯ ಕಾರನ್ನು ಒಳಗೆ ಬಿಡುವುದಿಲ್ಲ. ಬಿಟ್ಟರೂ ಅಲ್ಲಿ ಕಾರು ಇಟ್ಟುಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಕೊಳ್ಳಬೇಕು. ಹತ್ತು ವರ್ಷದ ಈ ಹಕ್ಕುಪತ್ರದ ಬೆಲೆ 1 ಲಕ್ಷ ಸಿಂಗಪುರ ಡಾಲರ್ ದಾಟಿದ್ದೂ ಇದೆ. ಕೊಲ್ಲಿ ದೇಶಗಳ ಕಥೆ ಇನ್ನೂ ಚಿಕ್ಕದು. ಯುಎಇ, ಸೌದಿ ಅರೇಬಿಯಾದಲ್ಲಿ ಸಂಚಾರ ಬಲಬದಿಗೆ, ಬಲ ಸ್ಟಿಯರಿಂಗಿನ ಕಾರಿಗೆ ಅಲ್ಲಿ ಸಾಮಾನ್ಯವಾಗಿ ನೋಂದಣಿಯೇ ಸಿಗುವುದಿಲ್ಲ. ದುಬೈಗೆ ಹೊರಟವರು ಈ ಯೋಚನೆಯನ್ನು ಇಲ್ಲಿಗೇ ಕೈಬಿಡಬಹುದು.

ಬೆಂಗಳೂರಿನ ಕಾರು, ಮಲೆನಾಡಿನ ಜೀಪು

ಗಡಿ ದಾಟಿದೊಡನೆ ಕಾರಿನ ಜಾತಿಯೇ ಬದಲಾಗಿಬಿಡುವುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಚೇತನ್ ಮೈನಿ ಅವರ ಬೆಂಗಳೂರಿನ ಕಂಪನಿ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಿತು. ನಮ್ಮ ರಸ್ತೆಯಲ್ಲಿ ಅದು ಕಾರು. ಲಂಡನ್ನಿನಲ್ಲಿ ‘ಜಿ-ವಿಜ್’ ಹೆಸರಿನಲ್ಲಿ ಓಡಾಡಿದಾಗ ಅಲ್ಲಿನ ಕಾನೂನು ಅದನ್ನು ಕಾರೆಂದು ಒಪ್ಪದೆ ಕ್ವಾಡ್ರಿಸೈಕಲ್ ವರ್ಗಕ್ಕೆ ಹಾಕಿತು. ಆ ವರ್ಗಕ್ಕೆ ಕಾರಿನಷ್ಟು ಕಠಿಣ ಡಿಕ್ಕಿ ಪರೀಕ್ಷೆ ಇರಲಿಲ್ಲ, ಹಾಗಾಗಿಯೇ ಅದಕ್ಕೆ ಲಂಡನ್ನಿನ ರಸ್ತೆ ಸಿಕ್ಕಿತು. 2007ರಲ್ಲಿ ಅದರ ಸುರಕ್ಷತೆಯ ಬಗ್ಗೆ ಅಲ್ಲಿ ದೊಡ್ಡ ಚರ್ಚೆಯೇ ಎದ್ದಿತು. 2010ರಲ್ಲಿ ಮಹೀಂದ್ರ ಈ ಕಂಪನಿಯನ್ನು ಕೊಂಡಿತು.

ಅದೇ ಮಹೀಂದ್ರದ ಇನ್ನೊಂದು ಗಾಡಿಯ ಪ್ರಸಂಗ ಮಲೆನಾಡಿಗರಿಗೆ ಇನ್ನೂ ಹತ್ತಿರದ್ದು. ಕಟ್ಟಿನಹೊಳೆಯಿಂದ ಕೊಡಚಾದ್ರಿ ಹತ್ತುವ, ತೋಟದ ಕೆಸರಿನಲ್ಲಿ ಅಡಿಕೆ ಮೂಟೆ ಹೊರುವ ಜೀಪಿನ ವಂಶದ್ದೇ ಆದ ‘ರಾಕ್ಸರ್’ ಅನ್ನು ಮಹೀಂದ್ರ 2018ರಿಂದ ಅಮೆರಿಕದ ಮಿಷಿಗನ್‌ನಲ್ಲಿ ತಯಾರಿಸತೊಡಗಿತು. ಅದನ್ನು ಮಾರಿದ್ದು ಹೊಲ, ಕಾಡು, ಗುಡ್ಡದಲ್ಲಿ ಓಡಿಸುವ ವಾಹನವೆಂದು. ಹೆದ್ದಾರಿಗೆ ಬೇಕಾದ ಅಮೆರಿಕದ ಮಾನದಂಡಗಳಿಗೆ ಅದನ್ನು ರೂಪಿಸಿರಲಿಲ್ಲ. ದೊಡ್ಡ ಕಾರ್ಖಾನೆ, ವಕೀಲರ ಪಡೆ ಇರುವ ಕಂಪನಿಯೇ ರಸ್ತೆಯನ್ನು ಬಿಟ್ಟು ಹೊಲದ ದಾರಿ ಹಿಡಿದಿರುವಾಗ ಕೆಎ-15 ಫಲಕದ ಒಂಟಿ ಕಾರಿಗೆ ಪರೀಕ್ಷೆ, ಮಾರ್ಪಾಡು, ಪ್ರಮಾಣಪತ್ರವೆಂದು ಅಲೆಯುವುದು ಎಷ್ಟು ದುಬಾರಿಯೆಂದು ಊಹಿಸಬಹುದು.

ಹಳೆಯ ಕಾರು ಒಯ್ಯಲು ಬಯಸುವವರಿಗೆ ನಮ್ಮ ದೇಶದ್ದೇ ಒಂದು ತಡೆಯಿದೆ. 1950ಕ್ಕೆ ಮೊದಲು ತಯಾರಾದ ವಿಂಟೇಜ್ ಕಾರುಗಳನ್ನೂ ಅವುಗಳ ಬಿಡಿಭಾಗಗಳನ್ನೂ ಪರವಾನಗಿಯಿಲ್ಲದೆ ರಫ್ತು ಮಾಡುವಂತಿಲ್ಲ. ರಾಜಮಹಾರಾಜರ ಕಾರುಗಳು ಒಂದೊಂದಾಗಿ ವಿದೇಶಿ ಸಂಗ್ರಾಹಕರ ಪಾಲಾದುದನ್ನು ದೇಶ ಕಂಡಿದೆ. ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವನ್ನು ನೋಡಿದವರಿಗೆ ಅಂಥ ವಾಹನ ಇಲ್ಲಿಯೇ ಉಳಿಯುವುದರ ಬೆಲೆ ಗೊತ್ತಾಗುತ್ತದೆ.

ಕಡಲಿನ ಪಾಲು

ಕಾಗದಪತ್ರವೆಲ್ಲ ಸರಿಯಿದ್ದರೂ ಕಡಲನ್ನು ನಂಬುವಂತಿಲ್ಲ. 2022ರ ಫೆಬ್ರುವರಿಯಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಹೊರಟಿದ್ದ ‘ಫೆಲಿಸಿಟಿ ಏಸ್’ ಹಡಗಿಗೆ ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಬಳಿ ಬೆಂಕಿ ಬಿತ್ತು. ಒಳಗೆ ಸುಮಾರು 4,000 ಕಾರುಗಳಿದ್ದವು, ಅವುಗಳಲ್ಲಿ ಪೋರ್ಶೆ, ಬೆಂಟ್ಲಿ, ಲ್ಯಾಂಬೋರ್ಗಿನಿಗಳೂ ಸೇರಿದ್ದವು. ಸಿಬ್ಬಂದಿ ಪಾರಾದರು, ಹಡಗು ಮಾರ್ಚ್ 1ರಂದು ಮುಳುಗಿತು. ಉತ್ಪಾದನೆಯ ಕೊನೆಯ ಹಂತದಲ್ಲಿದ್ದ ಅವೆಂಟಡೋರ್ ಕಾರುಗಳೂ ಅದರೊಂದಿಗೆ ತಳ ಸೇರಿದ್ದರಿಂದ ಲ್ಯಾಂಬೋರ್ಗಿನಿ ಗಿರಾಕಿಗಳಿಗಾಗಿ ಅವನ್ನು ಮತ್ತೆ ತಯಾರಿಸಬೇಕಾಯಿತು.

ದೂರದ ಮಾತು ಬಿಟ್ಟರೂ 2025ರ ಮೇ ತಿಂಗಳಲ್ಲಿ ‘ಎಂಎಸ್‌ಸಿ ಎಲ್ಸಾ 3’ ಹಡಗು ನೂರಾರು ಕಂಟೇನರುಗಳೊಂದಿಗೆ ಕೊಚ್ಚಿಯ ಆಚೆ ಮುಳುಗಿತು. ಅದಾದ ಎರಡು ವಾರಕ್ಕೆ, ಜೂನ್ 9ರಂದು, ಕೇರಳ ಕರಾವಳಿಯಾಚೆ ‘ವಾನ್ ಹೈ 503’ ಹೊತ್ತಿ ಉರಿಯಿತು. ರಕ್ಷಿಸಿದ 18 ಮಂದಿಯನ್ನು ನೌಕಾಪಡೆ ಕರೆತಂದಿದ್ದು ನವಮಂಗಳೂರಿಗೇ. ನಾಲ್ವರು ನಾಪತ್ತೆಯಾದರು.

ಇಲ್ಲಿ ಓಡುವ ಕಾರಿನ ವಿಮೆ ಹಡಗಿನಲ್ಲಿ ಕೆಲಸಕ್ಕೆ ಬಾರದು. ಅದಕ್ಕೆ ಬೇರೆಯೇ ಮೆರೈನ್ ವಿಮೆ ಮಾಡಿಸಬೇಕು. ಸಮುದ್ರ ವ್ಯಾಪಾರದಲ್ಲಿ ಬಹಳ ಹಳೆಯ ಒಂದು ಪದ್ಧತಿಯೂ ಇದೆ. ಹಡಗನ್ನು ಉಳಿಸಲು ಕ್ಯಾಪ್ಟನ್ ಒಂದಷ್ಟು ಸರಕನ್ನು ಬಲಿಕೊಟ್ಟರೆ ಆ ನಷ್ಟವನ್ನು ಉಳಿದ ಸರಕಿನ ಮಾಲೀಕರೆಲ್ಲ ಹಂಚಿಕೊಳ್ಳಬೇಕು. ನಿಮ್ಮ ಕಾರಿಗೆ ಒಂದು ಗೀರೂ ಆಗದಿದ್ದರೂ ಪಾಲು ಕೊಟ್ಟ ಮೇಲೆಯೇ ಕಂಟೇನರು ಕೈಗೆ ಬರುವುದು. ವಿಮೆ ಇದ್ದರೆ ಈ ಹೊರೆಯನ್ನು ವಿಮಾ ಕಂಪನಿ ಹೊರುತ್ತದೆ. ಪ್ರೀಮಿಯಂ ಉಳಿಸಲು ಈ ವಿಮೆಯನ್ನು ಬಿಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಹೋಗಿ ಬರುವವರ ಕಾಗದ

ಕಾಯಂ ಆಗಿ ಒಯ್ಯುವುದು ಒಂದಾದರೆ, ಕೆಲವು ತಿಂಗಳು ಸುತ್ತಾಡಿ ಮರಳಿ ತರುವುದು ಇನ್ನೊಂದು. ಎರಡನೆಯದಕ್ಕೆ ಬೇಕಾದದ್ದು ‘ಕಾರ್ನೆ’ ಎಂಬ ದಾಖಲೆ. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಇದನ್ನು ಕೊಡುತ್ತದೆ. ಒಂದು ವರ್ಷ ಬಾಳುವ ಈ ಪುಸ್ತಕದ ಪ್ರತಿ ಹಾಳೆಯಲ್ಲಿ ಮೂರು ಭಾಗ: ದೇಶದೊಳಗೆ ಹೋಗುವಾಗ ಕಸ್ಟಮ್ಸ್ ಒಂದನ್ನು ಹರಿದುಕೊಳ್ಳುತ್ತದೆ, ಹೊರಬರುವಾಗ ಇನ್ನೊಂದನ್ನು, ಎರಡೂ ಮುದ್ರೆ ಬಿದ್ದ ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ. ಹೊರಬಂದ ಮುದ್ರೆ ಇಲ್ಲದಿದ್ದರೆ ಕಾರು ಆ ದೇಶದಲ್ಲೇ ಉಳಿಯಿತೆಂದು ಲೆಕ್ಕ, ಆಗ ಪೂರ್ತಿ ಸುಂಕ ಕಟ್ಟಬೇಕು. ಅದಕ್ಕಾಗಿಯೇ ಮೊದಲೇ ಬ್ಯಾಂಕ್ ಗ್ಯಾರಂಟಿಯನ್ನೋ ಠೇವಣಿಯನ್ನೋ ಪಡೆಯುತ್ತಾರೆ. ವಲಸೆ ಹೋಗುವವರು ಕಾರ್ನೆಯ ಮೇಲೆ ಕಾರು ಒಯ್ದು ಅಲ್ಲೇ ಉಳಿಸಿಕೊಳ್ಳುವಂತಿಲ್ಲ.

ಮರಳಿ ಬರುವಾಗಿನ ಲೆಕ್ಕ

ವಿದೇಶದಲ್ಲಿ ಕೊಂಡ ಸ್ಪೋರ್ಟ್ಸ್ ಕಾರನ್ನು ಊರಿಗೆ ತರುವ ಆಸೆಗೂ ಇಲ್ಲೇ ಉತ್ತರ ಹೇಳಬೇಕು. ಎರಡು ವರ್ಷ ಸತತವಾಗಿ ಹೊರಗಿದ್ದು ಕಾಯಂ ಆಗಿ ಮರಳುವವರಿಗೆ, ಕನಿಷ್ಠ ಒಂದು ವರ್ಷ ಅಲ್ಲಿ ತಮ್ಮ ವಶದಲ್ಲಿದ್ದ ಒಂದು ಕಾರನ್ನು ತರಲು ಅವಕಾಶವಿದೆ. ಸುಂಕದಲ್ಲಿ ಮಾತ್ರ ರಿಯಾಯಿತಿ ಇಲ್ಲ. 2025ರ ಬಜೆಟ್ ಕಾರುಗಳ ಮೂಲ ಸುಂಕವನ್ನು ಶೇ. 125ರಿಂದ 70ಕ್ಕೆ ಇಳಿಸಿತಾದರೂ ಕೃಷಿ ಮೂಲಸೌಕರ್ಯ ಸೆಸ್ಸನ್ನು ಜೊತೆಗೆ ಸೇರಿಸಿತು. ಅದರ ಮೇಲೆ ಜಿಎಸ್‌ಟಿ ಬೇರೆ. ಒಟ್ಟು ಕಾರಿನ ಬೆಲೆಗಿಂತ ಸರ್ಕಾರಕ್ಕೆ ಕಟ್ಟುವುದೇ ಹೆಚ್ಚಾಗುತ್ತದೆ. ಆಮೇಲೆ ಆರ್‌ಟಿಒದಲ್ಲಿ ಜೀವಿತಾವಧಿ ತೆರಿಗೆ. 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಕರ್ನಾಟಕದಲ್ಲಿ ಅದು ಶೇ. 18, ಸೆಸ್ ಪ್ರತ್ಯೇಕ.

ಸುಂಕದ ಭಾರ ಎಷ್ಟೆಂಬುದು ದೇಶಕ್ಕೆಲ್ಲ ತಿಳಿದಿದ್ದು ಸಚಿನ್ ತೆಂಡೂಲ್ಕರ್ ಅವರ ಕಾರಿನಿಂದ. 2002ರಲ್ಲಿ ಬ್ರಾಡ್‌ಮನ್ ಅವರ 29 ಟೆಸ್ಟ್ ಶತಕಗಳನ್ನು ಸರಿಗಟ್ಟಿದ್ದಕ್ಕೆ ಫಿಯೆಟ್ ಕಂಪನಿ ಅವರಿಗೆ ಫೆರಾರಿ 360 ಮೊಡೆನಾ ಉಡುಗೊರೆಯಾಗಿ ಕೊಟ್ಟಿತು. ಅದನ್ನು ಹಸ್ತಾಂತರಿಸಿದ್ದು ಮೈಕಲ್ ಶುಮಾಕರ್. ಕಾರು ಭಾರತಕ್ಕೆ ಬಂದಾಗ 1.13 ಕೋಟಿ ರೂಪಾಯಿ ಸುಂಕವನ್ನು ಸರ್ಕಾರ ಮನ್ನಾ ಮಾಡಿತು, ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಕೊನೆಗೆ ಫಿಯೆಟ್ ಕಂಪನಿಯೇ ಸುಂಕ ಕಟ್ಟಿತು.

ಈ ಹೊರೆ ತಪ್ಪಿಸಲು ಅಡ್ಡದಾರಿ ತೋರಿಸುವ ದಲ್ಲಾಳಿಗಳೂ ಇದ್ದಾರೆ. ಭೂತಾನದ ಮೂಲಕ ಬಳಸಿದ ಕಾರುಗಳನ್ನು ತಂದು ನಮ್ಮ ರಾಜ್ಯಗಳಲ್ಲಿ ನೋಂದಾಯಿಸಲಾಗಿದೆ ಎಂಬ ಶಂಕೆಯ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್ ಅಧಿಕಾರಿಗಳು ಕೇರಳದಾದ್ಯಂತ ಶೋಧ ನಡೆಸಿ ಹಲವು ವಾಹನಗಳನ್ನು ವಶಕ್ಕೆ ಪಡೆದರು. ಅಗ್ಗವೆಂದು ಇಂಥ ಕಾರು ಕೊಂಡವರಿಗೆ ಗಾಡಿಯೂ ಹೋಗಿ ದುಡ್ಡೂ ಹೋಗುವ ಅಪಾಯವಿದೆ.

ಊರಲ್ಲೇ ಉಳಿಯುವ ಕಾರು

ಲೆಕ್ಕವೆಲ್ಲ ಮುಗಿದಾಗ ಬಹುತೇಕರ ಕಾರು ಊರಲ್ಲೇ ಉಳಿಯುತ್ತದೆ. ಕಾಳಜಿ ಬೇಕಾದದ್ದು ಇಲ್ಲಿಯೇ. ‘ವರ್ಷಕ್ಕೊಮ್ಮೆ ಬಂದಾಗ ಓಡಿಸಿದರಾಯಿತು’ ಎಂದು ಶೆಡ್ಡಿನಲ್ಲಿ ಬಿಟ್ಟುಹೋದ ಕಾರಿಗೆ ಮಲೆನಾಡಿನ ಮಳೆಗಾಲವೇ ವೈರಿ. ಆಗುಂಬೆಯಲ್ಲೂ ಹೊಸನಗರದ ಹುಲಿಕಲ್ಲಿನಲ್ಲೂ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಜೂನ್ ಕಳೆಯುವಷ್ಟರಲ್ಲಿ ಸ್ಟಿಯರಿಂಗಿನ ಚರ್ಮಕ್ಕೆ ಬೂಷ್ಟು ಹಿಡಿದಿರುತ್ತದೆ. ಬ್ರೇಕಿನ ತಟ್ಟೆಗೆ ತುಕ್ಕು ಹತ್ತಿ, ಎಳೆದಿಟ್ಟ ಹ್ಯಾಂಡ್‌ಬ್ರೇಕು ಕಚ್ಚಿಕೊಂಡುಬಿಡುತ್ತದೆ. ಇಲಿಗಳು ಬೆಚ್ಚನೆಯ ಜಾಗವೆಂದು ಬಾನೆಟ್ಟಿನೊಳಗೆ ಗೂಡು ಕಟ್ಟಿ ವೈರುಗಳನ್ನು ಕಡಿದು ಹಾಕುತ್ತವೆ. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗುತ್ತದೆ.

ನಿಲ್ಲಿಸಲೇಬೇಕೆಂದಿದ್ದರೆ ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಮರದ ಅಡ್ಡೆ ಕೊಡಬೇಕು, ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು, ಟೈರಿಗೆ ತುಸು ಹೆಚ್ಚು ಗಾಳಿ ತುಂಬಿಸಬೇಕು, ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ಹಾಕಬಾರದು. ನಂಬಿಕಸ್ಥರೊಬ್ಬರು ಹದಿನೈದು ದಿನಕ್ಕೊಮ್ಮೆಯಾದರೂ ಪೇಟೆಯವರೆಗೆ ಓಡಿಸಿ ತರುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಮಾರುವವರು ವಿಮಾನ ಹತ್ತುವ ಮೊದಲೇ ಆರ್‌ಸಿಯಲ್ಲಿ ಹೆಸರು ಬದಲಾಗಿದ್ದನ್ನು ಕಣ್ಣಾರೆ ನೋಡಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಮಾಡಿ ಕೊಳ್ಳುವವರ ಕೈಗಿತ್ತು ಹೊರಟುಬಿಡುವುದು ನಮ್ಮಲ್ಲಿ ತೀರಾ ಸಾಮಾನ್ಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣದಲ್ಲಿ ಕಾರು ಒಬ್ಬರಿಂದೊಬ್ಬರಿಗೆ ಹಲವು ಕೈ ಬದಲಾಗಿತ್ತು, ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. ಸಿಡ್ನಿಯಲ್ಲೋ ಡಲ್ಲಾಸ್‌ನಲ್ಲೋ ಕೂತವರಿಗೆ ಊರಿನ ನ್ಯಾಯಾಲಯದಿಂದ ನೋಟಿಸು ಬರುವುದು ಹೀಗೆಯೇ.

ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮೊದಲು ಬೇಕು. ವರ್ಷಗಟ್ಟಲೆ ಕ್ಲೇಮು ಮಾಡದೆ ಗಳಿಸಿದ ನೋ-ಕ್ಲೇಮ್ ಬೋನಸ್ ಸೇರುವುದು ಮಾಲೀಕನಿಗೆ, ಕಾರಿಗಲ್ಲ. ಮಾರುವಾಗ ವಿಮಾ ಕಂಪನಿಯಿಂದ ಅದರ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಮರಳಿ ಬಂದು ಕೊಳ್ಳುವ ಹೊಸ ಕಾರಿಗೆ ಬಳಸಬಹುದು.

ಹೊರದೇಶದಲ್ಲಿ ಕಾರು ಓಡಿಸಲು ಬೇಕಾದ ಅಂತರರಾಷ್ಟ್ರೀಯ ಪರವಾನಗಿ ಸಾಗರದ ಆರ್‌ಟಿಒ ಕಚೇರಿಯಲ್ಲೂ ಶಿವಮೊಗ್ಗದಲ್ಲೂ ಸಿಗುತ್ತದೆ. ಫಾರಂ 4ಎ, ಚಾಲ್ತಿಯಲ್ಲಿರುವ ಲೈಸೆನ್ಸು, ಪಾಸ್‌ಪೋರ್ಟು ಕೊಟ್ಟರಾಯಿತು, ಅವಧಿ ಒಂದು ವರ್ಷ. ಬ್ರಿಟನ್ನಿನಲ್ಲಿ ಭಾರತದ ಲೈಸೆನ್ಸಿನ ಮೇಲೆ 12 ತಿಂಗಳವರೆಗೆ ಓಡಿಸಬಹುದು, ಆಮೇಲೆ ಅಲ್ಲಿನ ಪರೀಕ್ಷೆ ಪಾಸಾಗಬೇಕು. ಸ್ಪೋರ್ಟ್ಸ್ ಕಾರಿನ ಮೋಹ ಬಿಡದವರು ಇಲ್ಲಿನದನ್ನು ಮಾರಿದ ಹಣದಲ್ಲಿ ಅಲ್ಲಿಯೇ, ಅಲ್ಲಿನ ಕಾನೂನಿಗೆ ಹುಟ್ಟಿದ ಕಾರನ್ನು ಕೊಳ್ಳುವುದು ಹೆಚ್ಚಿನ ದೇಶಗಳಲ್ಲಿ ಅಗ್ಗದ ದಾರಿ. ಅಮೆರಿಕದಲ್ಲಂತೂ ಬಳಸಿದ ಸ್ಪೋರ್ಟ್ಸ್ ಕಾರುಗಳ ಮಾರುಕಟ್ಟೆ ನಮ್ಮದಕ್ಕಿಂತ ಬಹಳ ದೊಡ್ಡದು.

ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಉಳಿಯುವುದಾದರೆ ಲೆಕ್ಕ ಬೇರೆಯೇ. ತುಮರಿಯಿಂದ ಸಾಗರದ ಆಸ್ಪತ್ರೆಗೆ, ನಗರದಿಂದ ಹೊಸನಗರಕ್ಕೆ, ಆಗುಂಬೆಯಿಂದ ತೀರ್ಥಹಳ್ಳಿಗೆ ರಾತ್ರಿ ಹೊತ್ತು ಹೋಗಬೇಕಾದಾಗ ತಗ್ಗಿನ ಸ್ಪೋರ್ಟ್ಸ್ ಕಾರಿನಲ್ಲಿ ಮೊಣಕಾಲು ನೋವಿನವರು ಹತ್ತಿ ಇಳಿಯಲಾಗದು, ಅದನ್ನು ಓಡಿಸಲು ನೆರೆಮನೆಯವರೂ ಹಿಂಜರಿಯುತ್ತಾರೆ. ಅದನ್ನು ಕೊಟ್ಟು ತಳ ಎತ್ತರದ, ಊರಿನ ಯಾವ ಮೆಕ್ಯಾನಿಕ್ಕಾದರೂ ರಿಪೇರಿ ಮಾಡಬಲ್ಲ ಗಾಡಿಯೊಂದನ್ನು ತಂದೆಯದೋ ತಾಯಿಯದೋ ಹೆಸರಿನಲ್ಲಿಯೇ ಕೊಂಡು, ವಿಮೆಯನ್ನೂ ಅದೇ ಹೆಸರಿನಲ್ಲಿ ಮಾಡಿಸಿ, ಕರೆದಾಗ ಬರುವ ಊರಿನ ಇಬ್ಬರು ಚಾಲಕರ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡುವ ಕೆಲಸ ಟಿಕೆಟ್ ಕಾಯ್ದಿರಿಸಿದ ವಾರದಲ್ಲೇ ಆಗಬೇಕು.